ಅಮೀನರು ತಂದ ಕೈರುಚಿ

ಬೇರೆ ಊರುಗಳಲ್ಲಿ ಸಾಲ ತೀರಿಸದವರ ಮನೆಗೆ ಕೋರ್ಟಿನ ಅಮೀನರು ಬಂದರೆ ಮಂಚ, ಕಪಾಟು, ಹಿತ್ತಾಳೆಯ ಹಂಡೆ ಹೊರಿಸಿಕೊಂಡು ಹೋಗುತ್ತಾರಂತೆ. ನಮ್ಮೂರಲ್ಲಿ ಆ ಪದ್ಧತಿ ಇಲ್ಲ. ನಮ್ಮೂರ ಅಮೀನರು ತಾಮ್ರದ ಗಿಂಡಿಯಲ್ಲಿ ಕೋರ್ಟಿನ ಬಾವಿಯ ನೀರು ತುಂಬಿಕೊಂಡು, ಕಂಕುಳಲ್ಲಿ ಅಗಲವಾದೊಂದು ಬೋಗುಣಿ ಇಟ್ಟುಕೊಂಡು ಬರುತ್ತಾರೆ. ಸಾಲಗಾರರು ಬೋಗುಣಿಯಲ್ಲಿ ಕೈ ತೊಳೆಯಬೇಕು. ಅವರ ಕೈಯಲ್ಲಿ ಏನು ಹೆಚ್ಚಿನದಿದೆಯೋ ಅದು ನೀರಿಗೆ ಇಳಿಯುತ್ತದೆ. ಆಮೇಲೆ ಸಾಲ ಕೊಟ್ಟವರು ಅದೇ ನೀರಿನಲ್ಲಿ ಕೈ ಅದ್ದಬೇಕು. ಅದು ಇವರ ಕೈಗೆ ಏರುತ್ತದೆ. ಒಂದು ಕೈಯಲ್ಲಿ ಎರಡು ಕೂರುವುದಿಲ್ಲವಾದ್ದರಿಂದ ಇವರದ್ದು ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಅಮೀನರು ಮತ್ತೆ ಗಿಂಡಿಗೆ ತುಂಬಿ, ಬಾಯಿಗೆ ಮೇಣ ಮೆತ್ತಿ, ಸಾಲ ತೀರುವ ತನಕ ಕೋರ್ಟಿನ ಉಗ್ರಾಣದಲ್ಲಿ ಇಡುತ್ತಾರೆ.

ನಾನು ಸಣ್ಣವಳಿದ್ದಾಗ ಹಾರ್ಮೋನಿಯಂ ಮಾಸ್ತರರೊಬ್ಬರ ಬೆರಳು ಹೀಗೆ ಹಾಲು ಮಾರುವವನ ಪಾಲಾಗಿತ್ತು. ಅವನ ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ, ಎಮ್ಮೆಯ ಬೆನ್ನ ಮೇಲೇ ಬಾರಿಸುತ್ತಿದ್ದ. ಎಮ್ಮೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ದರ್ಜಿಯೊಬ್ಬನ ಕತ್ತರಿಯ ಕೈ ಬಡ್ಡಿ ಸಾಹುಕಾರನಿಗೆ ಹೋಗಿ, ಆತ ಓದಿ ಮುಗಿಸಿದ ಪೇಪರಿನಲ್ಲೆಲ್ಲ ಅಂಗಿಯ ಕಾಲರು ಕತ್ತರಿಸಿ ಗುಡ್ಡೆ ಹಾಕುತ್ತಿದ್ದ. ಸೂಲಗಿತ್ತಿಯ ಕೈಯನ್ನು ಮಾತ್ರ ಯಾವ ಕೋರ್ಟೂ ಮುಟ್ಟುವಂತಿಲ್ಲ. ಉಳಿದಂತೆ ಇದರಲ್ಲಿ ನಮಗೆ ಯಾರಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ. ನನಗೂ ಕಂಡಿರಲಿಲ್ಲ, ಮಹಾನಂದಾಳ ಕೈ ನನ್ನ ಕೈಗೆ ಬರುವ ತನಕ.

ನಮ್ಮ ಮನೆಯವರು ಗುರುಸಿದ್ದಪ್ಪ ಅಂತ, ಪೇಟೆಯಲ್ಲಿ ಪಾತ್ರೆ ಮಾರುವ ಬಾಂಡೆ ಅಂಗಡಿ ಇಟ್ಟಿದ್ದಾರೆ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಒಂದು ಸಣ್ಣ ಓಣಿ, ಓಣಿಯ ಆ ಬದಿಗೆ ಮಹಾನಂದಾಳ ಮನೆ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅವಳೂ ಆ ಮನೆಗೆ ಬಂದವಳು. ಎಷ್ಟೋ ವರ್ಷ ನಮ್ಮಿಬ್ಬರ ಬಟ್ಟಲುಗಳು ಆ ಓಣಿಯನ್ನು ದಾಟುತ್ತಲೇ ಇದ್ದವು. ಗಂಡ ತೀರಿಕೊಂಡಾಗ ಅವಳು ಖಾನಾವಳಿ ಇಡುತ್ತೇನೆಂದಳು. ಕೈಯಲ್ಲಿ ಏನೂ ಇರಲಿಲ್ಲ. ನಾನು ನಮ್ಮವ್ವ ಕೊಟ್ಟ ಬಂಗಾರದ ಬಳೆ, ಪಾಟ್ಲಿ ಜೋಡಿಯನ್ನು ಕೈಯಿಂದ ಬಿಚ್ಚಿ, ಒತ್ತೆ ಇಟ್ಟುಕೋ, ಬಿಡಿಸಿದಾಗ ಕೊಡು ಎಂದು ಕೊಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಖಾನಾವಳಿ ಹತ್ತಿತು. ಆದರೆ ಒತ್ತೆ ಹಿಡಿದವನು ಒಂದು ದಿನ ಅಂಗಡಿಗೆ ಬೀಗ ಜಡಿದು, ಊರ ಮಂದಿಯ ಬಂಗಾರವನ್ನೆಲ್ಲ ಕಟ್ಟಿಕೊಂಡು ಎತ್ತಲೋ ಹೋದ. ಹೊಸ ಪಾಟ್ಲಿ ಮಾಡಿಸಿಕೊಡುತ್ತೇನೆ ಎಂದು ಮಹಾನಂದಾ ಮೊದಲ ವರ್ಷ ಕಂಡಾಗಲೆಲ್ಲ ಹೇಳುತ್ತಿದ್ದಳು. ಮರುವರ್ಷ ಹೇಳುವುದನ್ನು ಬಿಟ್ಟಳು. ಅದರ ಮುಂದಿನ ವರ್ಷ ಹಿಂಬಾಗಿಲಿಗೆ ಬರುವುದನ್ನೇ ಬಿಟ್ಟಳು. ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಬೇಸರ ಮಾಡಿಕೊಂಡಾಳು ಎಂದು ಕೇಳಿರಲಿಲ್ಲವೋ, ಕೇಳದೆಯೇ ಕೊಡಬೇಕು ಎಂಬ ಬಿಗುಮಾನವೋ, ಈಗಲೂ ನನಗೆ ತಿಳಿಯದು.

ಮಗಳ ಮದುವೆಯಲ್ಲಿ ನನ್ನ ಬರಿಗೈ ನೋಡಿ ನಮ್ಮ ಮನೆಯವರು ಪಾಟ್ಲಿ ಎಲ್ಲಿ ಎಂದು ಕೇಳಿದರು. ಹೇಳಲೇಬೇಕಾಯಿತು. ಸ್ನೇಹ ಓಣಿಯೊಳಗೆ ಇರಬೇಕು, ವ್ಯವಹಾರ ಪೇಟೆಯೊಳಗೆ ಇರಬೇಕು, ನೀನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ ಎಂದು ಹೇಳಿ ಅವರು ವಕೀಲರನ್ನು ಕಂಡರು. ದಾವೆ ನನ್ನ ಹೆಸರಿನಲ್ಲೇ ಬಿತ್ತು. ಸಾಲಗಾರಳ ಕೈಯಲ್ಲಿ ಏನಿದೆ ಎಂದು ನ್ಯಾಯಾಧೀಶರು ಕೇಳಿದಾಗ ವಕೀಲರು ನನ್ನತ್ತ ತಿರುಗಿದರು. ನಾನು “ಅಡುಗಿ” ಎಂದೆ. ಇಡೀ ಮೊಕದ್ದಮೆಯಲ್ಲಿ ನಾನು ಆಡಿದ್ದು ಅದೊಂದೇ ಮಾತು. ಮಹಾನಂದಾಳ ಕೈರುಚಿ ನನಗೆ ಜಪ್ತಿಯಾಗಬೇಕು, ದೀವಳಿಗೆಯ ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಪಾಟ್ಲಿ ಕೊಟ್ಟರೆ ಅವಳಿಗೆ ವಾಪಸು, ಇಲ್ಲದಿದ್ದರೆ ಕಾಯಂ ನನ್ನದು ಎಂದು ಡಿಕ್ರಿಯಾಯಿತು. ಅಮೀನರ ಓಡಾಟದ ಬತ್ತಾ ದಾವೆ ಹಾಕಿದವರೇ ಕಟ್ಟಬೇಕು. ನಮ್ಮ ಮನೆಯವರು ಎರಡು ಸಲ ಎಣಿಸಿ ಕಟ್ಟಿದರು.

ದಸ್ತಗೀರ ಅಮೀನರು ವಯಸ್ಸಾದವರು. ಯಾರ ಮನೆಗೆ ಜಪ್ತಿಗೆ ಹೋದರೂ ಓಣಿಯ ಬಾಯಲ್ಲೇ ಚಪ್ಪಲಿ ಬಿಟ್ಟು ಹೋಗುವವರು. ಅವರ ಹಿಂದೆ ನಾನೂ ಬರಿಗಾಲಲ್ಲಿ ನಡೆದೆ. ನನ್ನದೇ ಹಿಂಬಾಗಿಲ ಎದುರಿನ ಮನೆಗೆ ಊರೆಲ್ಲ ಸುತ್ತಿ ಮುಂಬಾಗಿಲಿನಿಂದ ಹೋದ ಹಾಗಾಯಿತು. ಮಹಾನಂದಾ ಜೋಳದ ಹಿಟ್ಟು ನಾದುತ್ತ ಕೂತಿದ್ದಳು, ಮುಂಗೈವರೆಗೂ ಹಿಟ್ಟು. ಅಮೀನರು ಹುಕುಂ ಓದಿದರು. ಅವಳು ಪೂರಾ ಕೇಳಿ, “ಹಿಟ್ಟು ಒಣಗತೈತ್ರೀ ಸಾಹೇಬ್ರ, ಎರಡ ರೊಟ್ಟಿ ಬಡದು ಏಳ್ತೀನಿ” ಎಂದಳು.

“ಬಡದ್ರ ಆ ಎರಡು ರೊಟ್ಟೀನೂ ಜಪ್ತಿ ಆಗ್ತಾವ ತಾಯಿ. ಬ್ಯಾಡ” ಎಂದರು ಅಮೀನರು, ತಮಗೇ ಯಾರೋ ಬೈದ ಹಾಗೆ.

ಆ ಓಣಿಯ ನಳದಲ್ಲಿ ನೀರು ಬಾರದೆ ದಿನಗಳಾಗಿದ್ದವು. ಅವಳು ಹಿಟ್ಟನ್ನು ಕೈಯಿಂದ ಕೈಗೆ ಸವರಿ ಉದುರಿಸಿ, ಬೋಗುಣಿಯಲ್ಲಿ ಕೈ ಅದ್ದಿ ತೆಗೆದಳು. ನಾನೂ ಅದ್ದಿದೆ. ನೀರು ತಣ್ಣಗಿತ್ತು, ಅಷ್ಟೇ. ಅಮೀನರು ಪಂಚರ ಸಹಿ ತೆಗೆದುಕೊಳ್ಳಲು ಹೊರಗೆ ಹೋದರು. ಮಹಾನಂದಾ ತನ್ನ ಮುಂಗೈ ನೋಡಿಕೊಂಡಳು. ಹಿಟ್ಟು ಇನ್ನೂ ಅಂಟಿತ್ತು. ಎದುರಿಗೆ ನೀರಿತ್ತು. ನೀರು ಚೆಲ್ಲಿ ಗೊತ್ತಿಲ್ಲದ ಹೆಂಗಸು. ಅದೇ ಬೋಗುಣಿಯಲ್ಲಿ ಮತ್ತೊಮ್ಮೆ ಕೈ ಹಾಕಿ ಹಿಟ್ಟನ್ನು ತಿಕ್ಕಿ ತಿಕ್ಕಿ ತೊಳೆದು ಸೆರಗಿಗೆ ಒರೆಸಿಕೊಂಡಳು. ನಾನು ನೋಡುತ್ತಲೇ ಇದ್ದೆ. ಇಬ್ಬರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಅವಳು ನನ್ನನ್ನು ನೋಡದೆಯೇ, “ನೀ ಒಂದ ಸಲ ಕೇಳಿದ್ರ ಸಾಕಿತ್ತಲ್ಲ ಇಂದುಮತಿ” ಎಂದಳು. ಅಮೀನರು ಬಂದು ಬೆಳ್ಳಗಾಗಿದ್ದ ನೀರನ್ನು ಗಿಂಡಿಗೆ ಸುರಿದು, ಮೇಣ ಮೆತ್ತಿ ನಡೆದರು.

ಆ ದಿನ ಮನೆಯಲ್ಲಿ ಪುಂಡಿಪಲ್ಯ ಮಾಡಿದೆ. ಯಾವಾಗಲೂ ಮಾಡುವ ಹಾಗೆಯೇ ಮಾಡಿದೆ, ಅದೇ ಒಗ್ಗರಣೆ, ಅದೇ ಬೆಳ್ಳುಳ್ಳಿ. ನಮ್ಮ ಮನೆಯವರು ಎರಡು ತುತ್ತು ಉಂಡು ಅಗಿಯುವುದನ್ನು ನಿಲ್ಲಿಸಿದರು. ಕಲ್ಲು ಸಿಕ್ಕಿತೇನೋ ಎಂದು ನಾನು ಹೆದರಿದೆ. ಅವರು ತಟ್ಟೆಯನ್ನೇ ನೋಡುತ್ತ ಇನ್ನಷ್ಟು ಹಾಕು ಎಂದರು. ಆಮೇಲೆ ಇನ್ನಷ್ಟು. ಕೈ ತೊಳೆಯಲು ಎದ್ದವರು ಮತ್ತೆ ಕೂತು ಬೆರಳು ಚೀಪಿದರು. ಅತ್ತೆ ಅರ್ಧ ರೊಟ್ಟಿ ಉಂಡು ತಟ್ಟೆ ಸರಿಸಿದರು. ಈ ಮನೆಗೆ ಬಂದಾಗಿನಿಂದ ಅವರು ಮೊದಲ ತುತ್ತಿಗೇ ಉಪ್ಪು ಕಮ್ಮಿ ಎನ್ನದ ದಿನವಿರಲಿಲ್ಲ. ಉಪ್ಪು ಹೆಚ್ಚಾದ ದಿನವೂ ಹಾಗೆಯೇ ಅಂದವರು. ಅವತ್ತು ಏನೂ ಅನ್ನಲಿಲ್ಲ. ನಾನೇ ಕೇಳಿದ್ದಕ್ಕೆ ಚಲೋ ಆಗೇತಿ ಎಂದು ಹೇಳಿ ಗೋಡೆಗೆ ಒರಗಿದರು. ಹುಷಾರಿಲ್ಲವೇನೋ ಅನಿಸಿತು ನನಗೆ.

ಆದರೆ ವಿಚಿತ್ರವೆನಿಸಿದ್ದು ಬೇರೆ. ನಾನು ಎಂದೂ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು, ಆರಿದ್ದನ್ನು ಉಂಡವಳು. ನನ್ನ ಅಡುಗೆ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಡುಗೆಯ ಹಬೆಯಲ್ಲೇ ನಿಂತ ನಾಲಿಗೆಗೆ ಏನು ಗೊತ್ತಾದೀತು? ಮರುದಿನ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ಎದ್ದಾಗ ನನ್ನ ಕೈ ತಾನಾಗಿಯೇ ಅದನ್ನು ಎತ್ತಿ, ಮುರಿದು, ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಇಟ್ಟಿತು. ಯಾರನ್ನೂ ಕರೆಯುವುದಕ್ಕೆ ಮೊದಲು, ಒಲೆಯ ಮುಂದೆ ನಿಂತೇ. ಬಿಸಿಗೆ ಕಣ್ಣಲ್ಲಿ ನೀರು ಬಂತು. ಇಂಥ ಊಟವನ್ನು ನಾನು ಓಣಿಯಾಚೆಯ ಬಟ್ಟಲಿನಲ್ಲಿ ಮಾತ್ರ ಉಂಡಿದ್ದೆ. ಈಗ ಅದು ನನ್ನ ಒಲೆಯ ಮೇಲಿತ್ತು. ಕದ್ದವಳ ಹಾಗೆ ಸುತ್ತ ನೋಡಿದೆ. ಕೋರ್ಟೇ ಕೊಟ್ಟಿದ್ದು ಎಂದು ನೆನಪು ಮಾಡಿಕೊಂಡೆ. ಮತ್ತೊಂದು ರೊಟ್ಟಿ ತಿಂದೆ.

ನಮ್ಮ ಮನೆಯವರು ಮಧ್ಯಾಹ್ನ ಅಂಗಡಿಗೆ ಬುತ್ತಿ ತರಿಸಿಕೊಳ್ಳುವುದನ್ನು ಬಿಟ್ಟು ಮನೆಗೇ ಬರತೊಡಗಿದರು. ಒಬ್ಬಿಬ್ಬರು ಗೆಳೆಯರನ್ನೂ ಕರೆತಂದರು. ನಾನು ರೊಟ್ಟಿ ಬಡಿಯುವಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದರು. ಒಂದು ದಿನ ಕಾರಣವಿಲ್ಲದೆ ಇಳಕಲ್ ಸೀರೆ ತಂದರು. ಮದುವೆಯಾದ ಹೊಸದರಲ್ಲೂ ಅವರು ನನ್ನನ್ನು ಹಾಗೆ ನೋಡಿದ ನೆನಪಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಸುಖವೂ ಆಗುತ್ತಿತ್ತು, ಎದೆಯಲ್ಲಿ ಸಣ್ಣಗೆ ಕಿಚ್ಚೂ ಹತ್ತುತ್ತಿತ್ತು. ಅವರು ನೋಡುತ್ತಿದ್ದದ್ದು ನನ್ನನ್ನೋ, ನನ್ನ ಕೈಯನ್ನೋ, ಓಣಿಯಾಚೆಯವಳನ್ನೋ? ಕಿಚ್ಚು ಯಾರ ಮೇಲೆ ಎಂದು ಕೇಳಿಕೊಂಡರೆ, ನನ್ನ ಮೇಲೆ ಎಂದೇ ಉತ್ತರ ಬರುತ್ತಿತ್ತು. ನನ್ನ ಮೇಲೆ ನಾನೇ ಹೊಟ್ಟೆಕಿಚ್ಚು ಪಡುವುದು ಹೇಗೆ? ಕನ್ನಡಿಯ ಮುಂದೆ ಕೈ ಚಾಚಿ ನೋಡುತ್ತಿದ್ದೆ. ಅವೇ ಬೆರಳು, ಅದೇ ಸುಟ್ಟ ಕಲೆ.

ಖಾನಾವಳಿ ಇನ್ನೇನು ಮುಚ್ಚುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕೈ ಜಪ್ತಿಯಾದವರು ಏನು ಮಾಡಿದರೂ ಹೊಟ್ಟು ತಿಂದ ಹಾಗಿರುತ್ತದೆ, ಅದು ಗೊತ್ತಿದ್ದದ್ದೇ. ಹಳೆಯ ಗಿರಾಕಿಗಳು, ಲಾರಿಯವರು, ಅಡತಿ ದಲಾಲರು, ಬಿಟ್ಟೂ ಬಿಟ್ಟರು. ಆದರೆ ಬೇರೆ ಥರದವರು ಹೋಗಲು ಶುರುವಾಯಿತಂತೆ. ಊಟದ ಹೊತ್ತಿಗೆ ನಮ್ಮ ಮನೆಯವರು ನಗುತ್ತ ಹೇಳಿದರು: ಜ್ವರ ಬಿಟ್ಟು ಎದ್ದವರು, ರಿಟೈರಾದ ಮಾಸ್ತರರು, ಹೆಂಡತಿ ಸತ್ತವರು, ಎಲ್ಲ ಅಲ್ಲೇ ಕೂತಿರುತ್ತಾರೆ, ಖಾನಾವಳಿಯೋ ದವಾಖಾನೆಯೋ ತಿಳಿಯುವುದಿಲ್ಲ. ನನಗೂ ತಿಳಿಯಲಿಲ್ಲ. ಹೊಟ್ಟನ್ನು ದುಡ್ಡು ಕೊಟ್ಟು ಯಾರು ತಿನ್ನುತ್ತಾರೆ? ಕಡೆಗೊಂದು ಮಧ್ಯಾಹ್ನ, ನಮ್ಮ ಮನೆಯವರು ಉಂಡು ಅಂಗಡಿಗೆ ಮರಳಿದ ಮೇಲೆ, ನೋಡಿಯೇ ಬಿಡೋಣವೆಂದು ಹೊರಟೆ. ಅತ್ತೆ ಈಚೆಗೆ ದಿನಾ ಆ ಹೊತ್ತಿಗೆ ಕೋಲು ಊರಿಕೊಂಡು ಮಠಕ್ಕೆ ಪುರಾಣ ಕೇಳಲು ಹೋಗುತ್ತಿದ್ದರು. ಯಾರೂ ಎಲ್ಲಿಗೆ ಎಂದು ಕೇಳುವವರಿರಲಿಲ್ಲ.

ಖಾನಾವಳಿಯೊಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಗೋಡೆಯ ಕಡೆ ಮುಖ ಮಾಡಿ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅತ್ತೆ ಉಣ್ಣುತ್ತಿದ್ದರು. “ಏ ಮಹಾನಂದಾ, ಉಪ್ಪು ಕಮ್ಮಿ ಆಗೇತಲ್ಲ” ಎಂದರು. ಅದೇ ದನಿ. ಆಮೇಲೆ ತಟ್ಟೆ ಮುಂದೆ ಚಾಚಿ, ಇನ್ನೊಂದು ಅರ್ಧ ರೊಟ್ಟಿ ಹಾಕಲು ಹೇಳಿದರು. ಮನೆಯಲ್ಲಿ ಅರ್ಧ ರೊಟ್ಟಿಗೇ ಸಾಕೆನ್ನುವವರು.

ಅವರ ಬೆನ್ನ ಹಿಂದಿನ ಹಲಗೆಯ ಮೇಲೆ ಸದ್ದಿಲ್ಲದೆ ಕೂತೆ. ಮಹಾನಂದಾ ನನ್ನನ್ನು ನೋಡಿದಳು, ತಟ್ಟೆ ತಂದಿಟ್ಟಳು. ಮೊದಲ ತುತ್ತಿಗೆ ನನಗೆ ಏನೂ ಅನಿಸಲಿಲ್ಲ. ಎರಡನೆಯದಕ್ಕೆ, ಇದನ್ನು ಮಾಡಿದವಳು ಪರಿಚಯದವಳು ಅನಿಸಿತು. ಸಾಸಿವೆ ಪೂರಾ ಸಿಡಿಯುವ ಮೊದಲೇ ಇಳಿಸಿಬಿಟ್ಟಿದ್ದಳು; ಒಳಗಿನಿಂದ ಯಾರೋ ಕರೆದಿರಬೇಕು. ಉಪ್ಪು ಒಂದು ಹರಳು ಕಡಿಮೆ. ಹೆಚ್ಚಾದರೆ ಮಾತು ಕೇಳಬೇಕು, ಕಡಿಮೆಯಾದರೆ ಅವರೇ ಹಾಕಿಕೊಂಡಾರು ಎಂಬ ಲೆಕ್ಕ. ಖಾರ ಮುಂದೆ ಬರದೆ, ಬಾಗಿಲ ಹಿಂದೆ ನಿಂತ ಹೊಸ ಸೊಸೆಯ ಹಾಗೆ ನಿಂತಿತ್ತು. ಆದರೂ ತುತ್ತು ಇಳಿದ ಮೇಲೆ, ಯಾರೋ ಬೆನ್ನ ಮೇಲೆ ಕೈ ಇಟ್ಟು ನಿಧಾನ ಉಣ್ಣು ಅಂದ ಹಾಗಾಗುತ್ತಿತ್ತು. ಆಚೆ ಕೂತ ಮುದುಕರೊಬ್ಬರು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಪಾಪ, ಯಾರಿರಬಹುದು ಈ ಹೆಂಗಸು, ಇಷ್ಟು ಅಳುಕಿನಲ್ಲಿ ಇಷ್ಟು ಅಕ್ಕರೆಯನ್ನು ಎಲ್ಲಿ ಅಡಗಿಸಿಟ್ಟಿದ್ದಳು ಎಂದು ಮರುಗುತ್ತಲೇ ಮತ್ತೊಂದು ತುತ್ತು ಬಾಯಿಗಿಟ್ಟೆ. ಆಗ ಗೊತ್ತಾಯಿತು. ಆ ಹೆಂಗಸು ನಾನೇ.

ಅತ್ತೆ ನನ್ನನ್ನು ನೋಡದೆ ಎದ್ದು ಹೋಗುವ ತನಕ ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಒಳಗೆ ಒಲೆಯ ಹತ್ತಿರ ಹೋದೆ.

“ಗೊತ್ತಾತೇನು?” ಎಂದಳು ಮಹಾನಂದಾ.

“ನನ್ನ ಕೈ ನಿನ್ನ ಹತ್ರ ಹೆಂಗ ಬಂತು?”

“ಅವತ್ತ ಹಿಟ್ಟು ತೊಳಕೊಂಡೆ ನೋಡು, ಅದ ನೀರಾಗ.”

ನಗು ಅವಳಿಗೆ ಮೊದಲು ಬಂತೋ ನನಗೆ ಮೊದಲು ಬಂತೋ. ಅಷ್ಟು ವರ್ಷದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಇಳಿದ ಮೇಲೆ ಅವಳು ನನ್ನ ಮುಖವನ್ನೇ ನೋಡಿದಳು. “ಒಂದ ಕೇಳ್ತೀನಿ, ಖರೇ ಹೇಳು. ನಿನ್ನ ಕೈ ಬಂದಾಗಿಂದ ನನಗ ಕೂತು ಉಣ್ಣಾಕ ಆಗವಲ್ದು. ಅವರದಾತೇನು, ಇವರದಾತೇನು ಅಂತ ಎದ್ದೆದ್ದು ನೋಡ್ತೀನಿ. ಹೊಟ್ಟಿ ಹಸದ್ರೂ ತುತ್ತು ಎತ್ತಾಕ ಅಂಜಿಕಿ. ಇಷ್ಟ ವರ್ಷ ನೀ ಹಿಂಗ ಇದ್ದೇನು?”

ನಿನ್ನ ಕೈ ಬಂದಾಗಿನಿಂದ ನಾನು ಮೊದಲು ಉಣ್ಣುತ್ತೇನೆ ಎಂದು ಮಾತ್ರ ಹೇಳಿದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. “ಮತ್ತ? ಮಾಡಿದಾಕಿ ಮೊದಲ ಉಣಬೇಕು” ಎಂದಳು. ಪಾಟ್ಲಿ ಮಾಡಿಸಲು ಹಾಕಿದ್ದಾಳಂತೆ, ಅಕ್ಕಸಾಲಿಗ ಗಡುವಿನ ದಿನವೇ ಕೊಡುತ್ತಾನಂತೆ. ತೂಕ ಅಷ್ಟೇ ಇದೆ, ಆದರೆ ನಿಮ್ಮವ್ವನ ಪಾಟ್ಲಿ ಅದಲ್ಲ, ಅದನ್ನು ಎಲ್ಲಿಂದ ತರಲಿ ಎಂದಳು. ಹೊರಡುವಾಗ ನನ್ನ ಸೆರಗು ಹಿಡಿದು, “ಈಗಿನ ಗಿರಾಕಿ ಬಾಳ ಚಲೋ ಮಂದಿ ಅದಾರ ಇಂದುಮತಿ. ಆದ್ರ ನನ್ನ ಕೈ ನನಗ ಬೇಕು” ಎಂದಳು. ನಿನ್ನದು ನಿನಗೆ ಬೇಡವೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಅಕ್ಕಸಾಲಿಗರ ಓಣಿಯ ಸುದ್ದಿ ಬಾಂಡೆ ಅಂಗಡಿಗೆ ಬರಲು ತಡವಾಗಲಿಲ್ಲ. ಪಾಟ್ಲಿಗಾಗಿ ಕೋರ್ಟು ಹತ್ತಿದ ನಮ್ಮ ಮನೆಯವರು ಈಗ 'ಪಾಟ್ಲಿ ಹೋದರೆ ಹೋಗಲಿ' ಎನ್ನತೊಡಗಿದರು. ಗಡುವಿನ ದಿನ ಅಮೀನರು ಬಂದಾಗ ಡಿಕ್ರಿ ಪಡೆದವರು ಊರಲ್ಲಿ ಇರದಿದ್ದರೆ ಒಪ್ಪಿಸುವುದಕ್ಕೆ ಯಾರೂ ಇಲ್ಲದೆ ಗಡುವು ಮೀರುತ್ತದೆ, ಕೈ ಕಾಯಂ ಆಗುತ್ತದೆ. ಕಾಯ್ದೆ ಹಾಗಿದೆ ಎಂದು ವಕೀಲರು ಹೇಳಿದ್ದರಂತೆ. ಅವತ್ತು ಮಧ್ಯಾಹ್ನದ ಬಸ್ಸಿಗೆ ಮೂವರೂ ಮಗಳ ಊರಿಗೆ ಹೋಗೋಣ, ಹಬ್ಬ ಅಲ್ಲೇ ಆಗಲಿ, ನಿನಗೆ ಎರಡು ಜೋಡಿ ಪಾಟ್ಲಿ ನಾನೇ ಮಾಡಿಸುತ್ತೇನೆ ಎಂದರು. ದನಿಯಲ್ಲಿ ಜೋರಿರಲಿಲ್ಲ, ಪ್ರೀತಿಯೇ ಇತ್ತು. ನಾನು ಬಡಿಸುತ್ತ, “ಇಷ್ಟ ವರ್ಷ ನನ್ನ ಊಟ ಹೆಂಗಿತ್ರಿ?” ಎಂದು ಕೇಳಿದೆ. ಅವರು ಪ್ರಾಮಾಣಿಕವಾಗಿ ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು.

“ಹೆಂಗಂದ್ರ?” ಎಂದರು ಕಡೆಗೆ. “ಊಟ ಇತ್ತಲ್ಲ.”

ನಾನು ಚೀಲ ತುಂಬಿದೆ. ಸುಳ್ಳು ಯಾಕೆ, ಅರ್ಧ ಮನಸ್ಸಿನಿಂದಲ್ಲ, ಆಸೆಯಿಂದಲೇ ತುಂಬಿದೆ. ಈ ಕೈಯಿಂದ ನನಗೆ ಬಿಸಿ ರೊಟ್ಟಿ ಸಿಕ್ಕಿತ್ತು, ಚೌಕಟ್ಟಿಗೆ ಒರಗಿದ ಗಂಡ ಸಿಕ್ಕಿದ್ದ. ಅದನ್ನು ಕೊಟ್ಟು, ಬಾಗಿಲ ಹಿಂದೆ ನಿಂತ ಆ ಹೆಂಗಸನ್ನು ಮತ್ತೆ ಯಾರು ಮನೆಗೆ ಕರೆದಾರು? ಆದರೆ ಸೀರೆ ಮಡಿಸುವಾಗಲೆಲ್ಲ ಖಾನಾವಳಿಯ ಆ ತುತ್ತು ಬಾಯಿಗೆ ಬರುತ್ತಿತ್ತು. ಆ ಹೆಂಗಸು ಅಲ್ಲಿ, ಬೇರೆಯವರ ಒಲೆಯ ಮುಂದೆ, ಎಲ್ಲರದೂ ಆಯಿತೇ ಎಂದು ನೋಡುತ್ತ ನಿಂತಿದ್ದಾಳೆ. ಅವಳನ್ನು ಬಿಟ್ಟು ನಾನು ಬಸ್ಸು ಹತ್ತಿದರೆ, ಹತ್ತಿದವಳು ಯಾರು? ಮಡಿಸಿದ್ದನ್ನು ಬಿಚ್ಚುತ್ತಿದ್ದೆ, ಬಿಚ್ಚಿದ್ದನ್ನು ಮಡಿಸುತ್ತಿದ್ದೆ.

ಗಡುವಿನ ದಿನ ನಮ್ಮ ಮನೆಯವರು ಚೀಲಗಳನ್ನು ಪಡಸಾಲೆಗೆ ತಂದಿಟ್ಟು ಅತ್ತೆಯನ್ನು ಏಳಿಸಲು ಹೋದರು. ಅತ್ತೆ ಬರುವುದಿಲ್ಲ ಎಂದು ಕೂತರು. ಯಾಕೆ ಎಂದರೆ, ಮಧ್ಯಾಹ್ನ ಊಟಕ್ಕೆ ಹೋಗುವುದಿದೆ ಎಂದರು.

“ಪುರಾಣಕ್ಕಲ್ಲೇನು?” ಎಂದರು ಇವರು.

“ಪುರಾಣ ಎಲ್ಲಿ ಕೇಳ್ತೈತಪಾ ಈ ಕಿವಿಗೆ. ಮಹಾನಂದಾನ ಖಾನಾವಳಿಗೆ.”

ಇವರು, ಮನೆಯಲ್ಲಿ ಇಂಥ ಊಟ ಇಟ್ಟುಕೊಂಡು ಅಲ್ಲಿಗೆ ಹೋಗುವುದೇ ಎಂದು ಕೇಳಿದರು. ಅತ್ತೆ ಕೋಲಿನ ತುದಿಯನ್ನು ಸವರುತ್ತ, “ಚಲೋ ಐತಿ, ಯಾರು ಇಲ್ಲಂದ್ರು? ಬೀಗರ ಮನಿ ಊಟ ಇದ್ದಂಗ ಐತಿ. ಬೀಗರ ಮನ್ಯಾಗ ಎಷ್ಟ ದಿನ ಉಣ್ಣೂದು?” ಎಂದರು. ಆಮೇಲೆ ನನ್ನ ಕಡೆ ನೋಡಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತೋ, ನಾಲಿಗೆಗೆ ಮಾತ್ರ ಗೊತ್ತಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ಈ ಮನೆಯಲ್ಲಿ ಕೇಳದೆ ಉಳಿದ ಮಾತುಗಳು ಅವೆಷ್ಟೋ.

ನಾನು ಚಪ್ಪಲಿ ಕಳಚಿ ಚೀಲದ ಮೇಲೆ ಕೂತೆ. ಬಸ್ಸು ತಪ್ಪುತ್ತದೆ ಎಂದರು ಇವರು. ತಪ್ಪಲಿ ಎಂದೆ. ಆ ಮಾತು ನನ್ನ ಬಾಯಿಂದ ಬಂದ ರೀತಿಗೆ ನನಗೇ ದಿಗಿಲಾಯಿತು. ಮಹಾನಂದಾ ಹಾಗೆ ಮಾತಾಡುತ್ತಾಳೆ. ಆದರೆ ಬಂದದ್ದು ಕೈ ಮಾತ್ರ ತಾನೇ? ಬಾಯಿ ನನ್ನದೇ ಇರಬೇಕು. ಇವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಬಿಸಿಲು ಇಳಿಯುವಾಗ ಅಮೀನರೂ ಮಹಾನಂದಾಳೂ ಬಂದರು. ಅವಳು ಬಿಳಿ ಅರಿವೆಯ ಗಂಟು ಬಿಚ್ಚಿ ಪಾಟ್ಲಿ ಕೊಟ್ಟಳು. ತೊಟ್ಟುಕೊಂಡೆ. ತಣ್ಣಗಿದ್ದವು, ಹೊಸ ಬಂಗಾರದ ವಾಸನೆ. ಅಮೀನರು ಗಿಂಡಿಯ ಮೇಣ ಒಡೆಯದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಹಣೆಯ ಮೇಲೆ ಬೆವರು. ಕೈ ಇಳಿದ ನೀರು ವರ್ಷವಿಟ್ಟರೂ ತಿಳಿಯಾಗಿಯೇ ಇರುತ್ತದಂತೆ. ಈ ಗಿಂಡಿಯಿಂದ ಮಾತ್ರ ಹುಳಿ ಹಿಟ್ಟಿನ ವಾಸನೆ ಬರುತ್ತಿತ್ತಂತೆ. ಒಳಗಿದ್ದ ನನ್ನ ಕೈ ಎಲ್ಲಿ ಹೋಯಿತೋ ಎಂದು ಅವರು ತಿಂಗಳುಗಟ್ಟಲೆ ಹೆದರಿದ್ದರು. “ಪಿಂಚಣಿ ಹತ್ರ ಬಂದೈತಿ ತಾಯಿ, ನನ್ನ ಮ್ಯಾಲೆ ಅರ್ಜಿ ಕೊಡಬ್ಯಾಡ್ರಿ” ಎಂದರು. ಮಹಾನಂದಾ ಅವರನ್ನು ಕೂರಿಸಿ, ಹಿಟ್ಟಿನ ಕಥೆ ಹೇಳಿದಳು. ಅವರು ನಗಲೂ ಆಗದೆ ಅಳಲೂ ಆಗದೆ ಗಡ್ಡ ನೀವಿಕೊಂಡರು. ಆಮೇಲೆ ಹೊಸ ನೀರು ತಂದು ಬೋಗುಣಿಗೆ ಸುರಿದರು. ಹೋದ ಹಾಗೆಯೇ ಬರಬೇಕೆಂದು ಮೊದಲು ಅವಳು, ಆಮೇಲೆ ನಾನು, ಮತ್ತೆ ಅವಳು ಕೈ ಅದ್ದಬೇಕಾಯಿತು.

ನನ್ನ ಸರದಿ ಬಂದಾಗ ನೀರಿನ ಮೇಲೆ ಕೈ ಹಿಡಿದು ನಿಂತುಬಿಟ್ಟೆ. ಕಟ್ಟೆಯಿಂದ ಎದ್ದು ಬಂದ ನಮ್ಮ ಮನೆಯವರು ಬಾಗಿಲ ಚೌಕಟ್ಟಿಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದರು, ಊರಿಗೆ ಹೊರಟವರನ್ನು ನೋಡುವ ಹಾಗೆ. ಮಹಾನಂದಾ ತನ್ನ ಒದ್ದೆ ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದಳು. ಅವು ಆ ಹೊತ್ತಿಗೆ ಯಾರವೂ ಅಲ್ಲದ ಕೈಗಳು. ಕಣ್ಣು ಮುಚ್ಚಿ ಅದ್ದಿದೆ. ಈ ಸಲವೂ ನೀರು ತಣ್ಣಗಿತ್ತು, ಅಷ್ಟೇ. ಕೆಲಸ ಮುಗಿದ ಮೇಲೆ ಅವಳು ಮುಂಬಾಗಿಲಿಗೆ ಹೋಗಲಿಲ್ಲ. ಅಡುಗೆಮನೆ ಹಾಯ್ದು ಹಿಂಬಾಗಿಲ ಅಗುಳಿ ತಾನೇ ತೆಗೆದುಕೊಂಡು ಓಣಿ ದಾಟಿದಳು.

ಬಂದದ್ದು ಏನು, ಹೋದದ್ದು ಏನು ಎಂದು ನನಗೆ ಯಾವ ಗುರುತೂ ಸಿಗಲಿಲ್ಲ. ಒಲೆ ಹೊತ್ತಿಸಿ ಹೆಸರುಕಾಳು ಬೇಯಲು ಇಟ್ಟೆ. ರೊಟ್ಟಿ ಬಡಿದರೆ ಪಾಟ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಪಡಸಾಲೆಯಿಂದ ಇವರು ಆಯಿತೇ ಎಂದು ಕೂಗಿದರು. ಆ ಕೂಗಿಗೆ ಒಗ್ಗರಣೆಯ ಸೌಟು ಕೈಯಲ್ಲಿ ತಾನಾಗಿಯೇ ಎದ್ದಿತು. ಸಾಸಿವೆ ಇನ್ನೂ ಪೂರಾ ಸಿಡಿದಿರಲಿಲ್ಲ. ಓಹೋ, ಬಂದೆಯಾ ಎಂದುಕೊಂಡೆ. ಮೊದಲ ರೊಟ್ಟಿ ಉಬ್ಬಿತು. ಅದನ್ನು ಇಳಿಸಿ ಡಬ್ಬಿಗೆ ಹಾಕಲು ಹೋದ ಕೈ ನಡುವೆ ನಿಂತಿತು. ಹಳೆಯ ಕೈ ಬಂದಿದ್ದರೆ ಹಾಕಬೇಕಿತ್ತು, ಹಾಕಲಿಲ್ಲ. ಹೊಸ ಕೈ ಉಳಿದಿದ್ದರೆ ತಾನಾಗಿ ಮುರಿಯಬೇಕಿತ್ತು, ಮುರಿಯಲೂ ಇಲ್ಲ. ರೊಟ್ಟಿ ಹಿಡಿದು ಸುಮ್ಮನೆ ನಿಂತಿತ್ತು, ಹುಕುಂ ಕಾಯುವ ಅಮೀನರ ಹಾಗೆ. ಕಡೆಗೆ ಮಣೆ ಹಾಕಿಕೊಂಡು ಕೂತು ನಾನೇ ಮುರಿದೆ.

ಅವರಿಬ್ಬರಿಗೂ ಪಡಸಾಲೆಯಲ್ಲಿ ತಟ್ಟೆ, ಡಬ್ಬಿ ಇಟ್ಟು ಬಡಿಸಿದ್ದು ಆ ರೊಟ್ಟಿ ಮುಗಿದ ಮೇಲೆ. ಬಡಿಸಿ ಮತ್ತೆ ನನ್ನ ತಟ್ಟೆಯ ಮುಂದೆ ಬಂದು ಕೂತೆ. ಇವರು ಒಂದು ತುತ್ತು ಉಂಡು, ಕೂತಲ್ಲಿಂದಲೇ ಬಾಗಿಲೊಳಗೆ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ರೊಟ್ಟಿ ಇತ್ತು, ಬಾಯಲ್ಲಿ ತುತ್ತು. ನೋಡುತ್ತಲೇ ಇದ್ದರು. ಈ ಸಲದ ನೋಟ ಯಾರಿಗೆಂದು ನನಗೆ ಅಂದಾಜು ಸಿಗಲಿಲ್ಲ.

ಅತ್ತೆಯ ತಟ್ಟೆ ಸದ್ದಾಯಿತು. “ಉಪ್ಪು ಕಮ್ಮಿ ಆಗೇತಿ” ಎಂದರು. ತಡವಿಲ್ಲದೆ, ಇನ್ನೊಂದು ಅರ್ಧ ರೊಟ್ಟಿ ತಾ ಎಂದರು.

ಎದೆಯೊಳಗೆ ಏನೋ ಒಂದು ತನ್ನ ಜಾಗಕ್ಕೆ ಬಂದು ಕೂತಂತಾಯಿತು. ಏಳಬೇಕೆಂದು ಮಂಡಿಗಳು ಬಯಸಿದವು, ನನಗೆ ಗೊತ್ತಾಯಿತು.

“ರೊಟ್ಟಿ ಡಬ್ಬಿ ನಿಮ್ಮ ಬಾಜೂಕ ಐತ್ರಿ ಅತ್ತಿ, ಉಪ್ಪೂ ಅಲ್ಲೇ ಐತಿ” ಎಂದೆ. “ನಾ ಉಣ್ಣಾಕತ್ತೀನಿ.”